ಹೆಲ್ಮೆಟ್ ಹಣೆ ಮೇಲಿರಲಿ, ನೆತ್ತಿ ಮೇಲಲ್ಲ

ಬೆಳಿಗ್ಗೆ ಆರಕ್ಕೆ ಚಾಮುಂಡಿ ಬೆಟ್ಟದ ಬುಡದಲ್ಲಿ ನಿಂತು ನೋಡಿ. ಸೈಕಲ್‌ನವರು ಒಬ್ಬರ ಹಿಂದೆ ಒಬ್ಬರು ಹತ್ತುತ್ತಿರುತ್ತಾರೆ. ತಲೆ ಮೇಲೆ ಹೆಲ್ಮೆಟ್ ಇರುತ್ತದೆ, ಆದರೆ ಸುಮಾರು ಜನರದ್ದು ಹಿಂದಕ್ಕೆ ವಾಲಿರುತ್ತದೆ. ನಾನೂ ಹಾಗೇ ಹಾಕುತ್ತಿದ್ದೆ. ಒಂದು ಸಂಜೆ ಬಣ್ಣ ಬಳಿಯದ ಹಂಪ್ ಮೇಲೆ ಎಗರಿ ಮುಖ ಅಡಿಯಾಗಿ ಬಿದ್ದೆ. ಹೆಲ್ಮೆಟ್‌ಗೆ ಒಂದು ಗೀರೂ ಇಲ್ಲ, ಹಣೆಗೆ ನಾಲ್ಕು ಹೊಲಿಗೆ!

ಸರಿಯಾಗಿ ಹಾಕಿಕೊಳ್ಳಲು ಒಂದು ನಿಮಿಷ ಸಾಕು. ಹುಬ್ಬಿನ ಮೇಲೆ ಎರಡು ಬೆರಳು ಇಡಿ, ಹೆಲ್ಮೆಟ್‌ನ ಅಂಚು ಅಲ್ಲಿಗೇ ಬರಬೇಕು. ಹಿಂದಿರುವ ತಿರುಗಣೆ ಬಿಗಿ ಮಾಡಿ. ಪಟ್ಟಿಗಳು ಕಿವಿಯ ಎರಡೂ ಪಕ್ಕದಿಂದ ಇಳಿದು ಕಿವಿಯ ಸ್ವಲ್ಪ ಕೆಳಗೆ ಸೇರಬೇಕು. ಗಲ್ಲದ ಕೆಳಗೆ ಒಂದು ಬೆರಳು, ಹೆಚ್ಚೆಂದರೆ ಎರಡು, ತೂರಬೇಕು. ಈಗ ಜೋರಾಗಿ ಆಕಳಿಸಿ. ಹೆಲ್ಮೆಟ್ ತಲೆಯನ್ನು ಕೆಳಕ್ಕೆ ಎಳೆದ ಹಾಗೆ ಅನ್ನಿಸಿದರೆ ಸರಿಯಾಗಿದೆ.

ಕೊಳ್ಳುವಾಗ ಒಳಗೆ ಯುರೋಪಿನ ಇಎನ್ 1078 ಅಥವಾ ಅಮೆರಿಕದ ಸಿಪಿಎಸ್‌ಸಿ ಅನ್ನುವ ಸುರಕ್ಷತಾ ಗುರುತು ಹುಡುಕಿ. ಐಎಸ್ 4151 ಅಂತಿದ್ದರೆ ಅದು ಸ್ಕೂಟರ್, ಬೈಕ್‌ನವರದ್ದು. ಬೆಟ್ಟ ಹತ್ತುವಾಗ ಅದರೊಳಗೆ ತಲೆ ಬೆಂದೇ ಹೋಗುತ್ತದೆ. ಸೈಕಲ್ ಹೆಲ್ಮೆಟ್‌ನ ಒಳಗಿರುವುದು ಥರ್ಮಾಕೋಲ್ ಜಾತಿಯ ವಸ್ತುವೇ. ಏಟು ಬಿದ್ದಾಗ ಅದು ಜಜ್ಜಿಹೋಗಿ ತಲೆಗೆ ಬರುವ ಹೊಡೆತವನ್ನು ತಾನು ತಿನ್ನುತ್ತದೆ. ಹೀಗೆ ಜಜ್ಜುವ ಕೆಲಸ ಒಂದೇ ಸಲ. ಜೋರಾಗಿ ಬಿದ್ದ ಮೇಲೆ ಹೊರಗೆ ಚೆನ್ನಾಗಿ ಕಂಡರೂ ಅದನ್ನು ಬಿಸಾಕಿ, ತಮ್ಮನಿಗೆ ಕೊಡಬೇಡಿ.

ಸೈಕಲ್‌ಗೆ ಹೆಲ್ಮೆಟ್ ಕಾಯಿದೆಯಲ್ಲಿ ಕಡ್ಡಾಯವಿಲ್ಲ ಅಲ್ವಾ ಅಂತ ಕೇಳುವವರು ಇದ್ದಾರೆ. ಇಲ್ಲ, ನಿಜ. 2017ರಲ್ಲಿ ಟ್ರಿಣ್ ಟ್ರಿಣ್ ಅನ್ನುವ ಬಾಡಿಗೆ ಸೈಕಲ್ ಯೋಜನೆ ಬಂದಮೇಲೆ ಕೈಬೀಸಿಕೊಂಡು ಹೋಗಿ ಸೈಕಲ್ ಹತ್ತುವ ಅಭ್ಯಾಸ ನಮ್ಮೂರಿಗೆ ಬಂತು. ಒಳ್ಳೆಯದೇ. ಆದರೆ ಹೆಲ್ಮೆಟ್ ಮಾತ್ರ ಬ್ಯಾಗಿಗೆ ನೇತುಹಾಕಿಕೊಂಡೇ ಹೊರಡಿ.

ಇನ್ನು ರಸ್ತೆ. ಮೈಸೂರಿನಲ್ಲಿ ಸೈಕಲ್‌ನವರಿಗೆ ಕಷ್ಟ ಕೊಡುವುದು ಸರ್ಕಲ್‌ಗಳು. ನೇರ ಹೋಗಬೇಕಾದವರು ಭಯಕ್ಕೆ ಎಡ ಅಂಚಿಗೆ ಅಂಟಿಕೊಳ್ಳುತ್ತಾರೆ, ಅಷ್ಟರಲ್ಲಿ ಪಕ್ಕದ ಆಟೋ ಎಡಕ್ಕೆ ತಿರುಗಿ ನೇರವಾಗಿ ಅವರ ಮುಂದೆಯೇ ಬಂದುಬಿಡುತ್ತದೆ. ಸರ್ಕಲ್‌ಗೆ ಮುಂಚೆಯೇ ಹಿಂದೆ ತಿರುಗಿ ನೋಡಿ, ಕೈ ತೋರಿಸಿ, ಸ್ವಲ್ಪ ಒಳಗೆ ಬನ್ನಿ. ಬಲದಿಂದ ಬರುವವರಿಗೆ ದಾರಿ ಬಿಡಿ. ಕೆ.ಆರ್. ಸರ್ಕಲ್‌ನಲ್ಲಿ ಸಂಜೆ ಹೊತ್ತು ನಾನಂತೂ ಇಳಿದು ತಳ್ಳಿಕೊಂಡು ದಾಟುತ್ತೇನೆ, ಅದರಲ್ಲಿ ನಾಚಿಕೆ ಏನಿಲ್ಲ. ದೇವರಾಜ ಅರಸು ರಸ್ತೆಯಲ್ಲಿ ನಿಂತ ಕಾರುಗಳಿಂದ ಒಂದು ಮೀಟರ್ ದೂರ ಇರಿ, ಬಾಗಿಲು ಯಾವಾಗ ತೆರೆಯುತ್ತದೋ ಹೇಳಲಾಗದು. ಸ್ಟಾಪ್‌ನಲ್ಲಿ ನಿಂತ ಬಸ್ಸಿನ ಎಡಕ್ಕೆ ಮಾತ್ರ ನುಗ್ಗಬೇಡಿ.

ಬೆಟ್ಟ ಇಳಿಯುವಾಗ ಬ್ರೇಕ್ ಹಿಡಿದೇ ಇರಬೇಡಿ, ಚಕ್ರದ ರಿಮ್ ಬಿಸಿಯಾಗುತ್ತದೆ. ತಿರುವಿಗೆ ಮುಂಚೆ ಎರಡೂ ಬ್ರೇಕ್ ಹಿಡಿದು ವೇಗ ಇಳಿಸಿ, ತಿರುವಿನಲ್ಲಿ ಬಿಡಿ. ಮುಂದಿನ ಬ್ರೇಕನ್ನು ಮಾತ್ರ ಒಮ್ಮೆಲೇ ಒತ್ತಿದರೆ ಪಲ್ಟಿ. ಮಳೆ ಬಂದ ದಿನ ಒದ್ದೆ ಎಲೆ, ರಸ್ತೆಯ ಬಿಳಿ ಪಟ್ಟಿ ಎರಡೂ ಜಾರುತ್ತವೆ. ದಾರಿಯಲ್ಲಿ ಕೋತಿಗಳೂ ಇವೆ, ಬೆಟ್ಟಕ್ಕೆ ಹೋಗಿಬರುವ 201 ನಂಬರ್ ಬಸ್ಸೂ ಇದೆ, ಹುಷಾರು.

ಮಂಡ್ಯ ಕಡೆಯವರಿಗೆ ಬೇರೆ ತಾಪತ್ರಯ. ಕಬ್ಬು ಅರೆಯುವ ಕಾಲದಲ್ಲಿ ಟ್ರಾಕ್ಟರ್ ಟ್ರೈಲರ್‌ಗಳಿಗೆ ಹಿಂದೆ ಕೆಂಪು ಲೈಟ್ ಇರುವುದೇ ಅಪರೂಪ, ಕಬ್ಬಿನ ತುದಿಗಳು ಪಕ್ಕಕ್ಕೆ ಚಾಚಿರುತ್ತವೆ. ಕತ್ತಲಲ್ಲಿ ಅದರ ಹಿಂದೆ ಹತ್ತಿರ ಹೋಗಬೇಡಿ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ಸೈಕಲ್‌ಗೂ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯೇ ನಮ್ಮದು. ಅಲ್ಲಿ ಎದುರಿಂದ ರಾಂಗ್ ಸೈಡಿನಲ್ಲಿ ಬೈಕ್ ಬರುತ್ತದೆ ಅಂತಲೇ ಲೆಕ್ಕ ಹಾಕಿಕೊಳ್ಳಿ.

ಮುಂದೆ ಬಿಳಿ ಲೈಟ್, ಹಿಂದೆ ಕೆಂಪು ಲೈಟ್ ಹಾಕಿಸಿ. ಬೆಳಗಿನ ಮಂಜಿಗೂ ಅವು ಬೇಕು. ಹಿಂದಿನದನ್ನು ಮಾತ್ರ ಬ್ಯಾಗು ಮುಚ್ಚದ ಹಾಗೆ ಸೀಟಿನ ಕೆಳಗೆ ಕಟ್ಟಿ.