ಕಂಡಾವು ದ್ವೀಪದ ಹಳ್ಳಿಯಲ್ಲಿ ಅತಿಥಿಯಾಗಿ

ಫಿಜಿಯಲ್ಲಿ ರೆಸಾರ್ಟುಗಳನ್ನು ಬಿಟ್ಟು ದೂರದ ದ್ವೀಪದ ಹಳ್ಳಿಯಲ್ಲಿ ಉಳಿಯುವ ಆಸೆಯಿದ್ದರೆ ಮೊದಲು ಬೇಕಾದದ್ದು ಒಂದು ಕಟ್ಟು ಬೇರು. ಅಲ್ಲಿಯವರು ಯಂಗೋನ ಎನ್ನುತ್ತಾರೆ, ಹೊರಗಿನವರಿಗೆ ಅದು ಕಾವಾ. ಕರಿಮೆಣಸು, ವೀಳ್ಯದೆಲೆಗಳ ಕುಲಕ್ಕೇ ಸೇರಿದ ಗಿಡ. ರಾಜಧಾನಿ ಸುವಾದ ಮಾರುಕಟ್ಟೆಯ ಮಹಡಿಯಲ್ಲಿ ಇದನ್ನು ಮಾರುವವರ ಸಾಲೇ ಇದೆ. ನಾನು ಪುಡಿ ಕೊಳ್ಳದೆ, ಅರ್ಧರ್ಧ ಕಿಲೋ ಬೇರಿನ ಎರಡು ಕಟ್ಟುಗಳನ್ನು ವೃತ್ತಪತ್ರಿಕೆಯಲ್ಲಿ ಸುತ್ತಿಸಿಕೊಂಡೆ. ಊರು ಹೊಗಲು ಅಪ್ಪಣೆ ಕೇಳುವುದಕ್ಕೆ ಒಂದು, ಹೊರಡಲು ಅಪ್ಪಣೆ ಕೇಳುವುದಕ್ಕೆ ಇನ್ನೊಂದು. ಬರುತ್ತೇನೆಂದು ಪರಿಚಯಸ್ಥರ ಮೂಲಕ ಮೊದಲೇ ಹೇಳಿ ಕಳಿಸಿ, ಕಂಡಾವುಗೆ ರಾತ್ರಿಯ ಹಡಗು ಹತ್ತಿದೆ.

ಊರೊಳಗೆ ಕಾಲಿಡುವ ಮುನ್ನ ಟೋಪಿ, ತಂಪು ಕನ್ನಡಕ ತೆಗೆದು, ಸೊಂಟಕ್ಕೆ ಸುಲು ಎಂಬ ಲುಂಗಿಯಂಥ ಬಟ್ಟೆ ಸುತ್ತಿ, ಬೆನ್ನಿನ ಚೀಲವನ್ನು ಕೈಗೆ ತೆಗೆದುಕೊಂಡೆ. ಮುಖಂಡರ ಮನೆಯ ಚಾಪೆಯ ಮೇಲೆ ಕಟ್ಟನ್ನು ಇಟ್ಟಾಗ ನನ್ನ ಪರವಾಗಿ ಜೊತೆಗಿದ್ದವರೇ ಮಾತನಾಡಿದರು. ಕಾಣಿಕೆಯಿಟ್ಟು ಅಪ್ಪಣೆ ಕೇಳುವ ಈ ವಿಧಿಯೇ ಸೆವುಸೆವು. ಬೇರನ್ನು ಕುಟ್ಟಿ, ತಾನೋವಾ ಎಂಬ ಮರದ ಬೋಗುಣಿಯಲ್ಲಿ ನೀರಿಗೆ ಕಿವುಚಿ, ಸೋಸಿ, ತೆಂಗಿನ ಚಿಪ್ಪಿನಲ್ಲಿ ಕೊಟ್ಟರು. ಅಂಗೈ ಬೊಗಸೆಯಾಗಿಸಿ ಒಂದು ಚಪ್ಪಾಳೆ, ‘ಬುಲಾ’ ಎಂದು ಒಂದೇ ಗುಟುಕಿಗೆ ಕುಡಿಯುವುದು, ಮತ್ತೆ ಮೂರು ಚಪ್ಪಾಳೆ. ಮಣ್ಣಿನ ರುಚಿ, ತುಟಿ, ನಾಲಿಗೆ ಜೋಮು ಹಿಡಿಯುತ್ತವೆ.

ಇದನ್ನು ಪ್ರವಾಸಿಗರ ಮನರಂಜನೆಯೆಂದು ಭಾವಿಸಿದವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಫಿಜಿಯ ಶೇ. 80ಕ್ಕೂ ಹೆಚ್ಚು ನೆಲ ಮೂಲನಿವಾಸಿ ಕುಲಗಳ ಸಾಮೂಹಿಕ ಒಡೆತನದಲ್ಲಿದೆ. ದಡದಾಚೆಯ ಹವಳದ ದಿಬ್ಬಗಳವರೆಗೂ ಮೀನು ಹಿಡಿಯುವ ಹಕ್ಕು ಊರಿನದೇ. ಅಲ್ಲಿ ನಡೆಯುವುದಕ್ಕೂ ಈಜುವುದಕ್ಕೂ ಊರಿನ ಒಪ್ಪಿಗೆ ಬೇಕು. ಆ ಒಪ್ಪಿಗೆ ಸಿಕ್ಕಿದ ಮೇಲೆ ಅತಿಥಿಯ ಯೋಗಕ್ಷೇಮದ ಹೊಣೆಯೂ ಊರಿನದೇ.

ಆ ಹೊಣೆಯನ್ನು ಅವರು ಹೊರುವ ರೀತಿಯೇ ಬೇರೆ. ಬೀದಿಯಲ್ಲಿ ಹೋಗುತ್ತಿದ್ದರೆ ಊಟಕ್ಕೆ ಕುಳಿತವರು ಬಾಗಿಲಿನಿಂದಲೇ ‘ಮೈ ಕಾನಾ’, ಬಾ, ಉಣ್ಣು ಎಂದು ಕೂಗುತ್ತಾರೆ. ಚಾಪೆಯ ಮೇಲೆ ಹಾಸಿದ ಬಟ್ಟೆಯ ತುಂಬ ಬೇಯಿಸಿದ ಕೆಸುವಿನ ಗೆಡ್ಡೆ, ಮರಗೆಣಸು, ಜೀಗುಜ್ಜೆ. ತೆಂಗಿನ ಹಾಲು ತುಂಬಿ ಮಡಿಚಿದ ಕೆಸುವಿನೆಲೆಯ ಪಾಲುಸಾಮಿಯನ್ನು ನೆಲದಡಿಯ ಕಾದ ಕಲ್ಲುಗಳ ಒಲೆಯಿಂದ ಬಿಸಿಬಿಸಿಯಾಗಿ ತೆಗೆದುಕೊಟ್ಟರು. ನಮ್ಮ ಪತ್ರೊಡೆ ತಿಂದು ಬೆಳೆದವರು ಅದನ್ನು ಎರಡನೆಯ ಬಾರಿ ಕೇಳದೆ ಇರಲಾರರು. ಸಸ್ಯಾಹಾರಿಗಳು ಮಾತ್ರ ಮೊದಲೇ ಹೇಳಬೇಕು, ಒಳಗೆ ಡಬ್ಬಿಯ ಮಾಂಸ ಸೇರಿಸುವುದುಂಟು.

ಅತಿಥಿ ಉಂಡ ಮೇಲೆಯೇ ಮನೆಯ ಹೆಂಗಸರು ಊಟಕ್ಕೆ ಕೂರುತ್ತಾರೆ ಎಂಬುದನ್ನು ಗಮನಿಸಿ, ಪಾತ್ರೆ ಖಾಲಿಯಾಗುವಷ್ಟು ಬಡಿಸಿಕೊಳ್ಳುವುದನ್ನು ಬಿಟ್ಟೆ. ಮನೆಯ ವಸ್ತುಗಳನ್ನು ಅತಿಯಾಗಿ ಹೊಗಳಲೂ ಇಲ್ಲ. ಕೇಳಿದ್ದನ್ನು ಇಲ್ಲವೆನ್ನದೆ ಕೊಡುವ ಪದ್ಧತಿ ಅಲ್ಲಿದೆ. ‘ಈ ಚಾಪೆ ಎಷ್ಟು ಚೆಂದ’ ಎಂದರೆ ಅದನ್ನೇ ಸುತ್ತಿ ಕೈಗಿಟ್ಟಾರು. ಹಡಗು ಅಪರೂಪವಾದ ಕಡೆ ದಿನಸಿಯೇ ದೊಡ್ಡ ಉಡುಗೊರೆ. ಸುವಾದಿಂದ ಒಯ್ದ ಅಕ್ಕಿ, ಸಕ್ಕರೆ, ಚಹಾಪುಡಿ, ಹಿಟ್ಟನ್ನು ಮನೆಯೊಡತಿಯ ಅಡುಗೆಮನೆಯಲ್ಲಿ ಇಟ್ಟೆ. ಹಣವನ್ನು ಎಲ್ಲರೆದುರು ಎಣಿಸಿ ಕೊಡದೆ, ಲಕೋಟೆಯಲ್ಲಿ ಹಾಕಿ ಅವರ ಕೈಗೇ ಕೊಟ್ಟೆ.