ಚೀಟಿ ಎತ್ತಿ ಸರದಿ ಹಾಕಿದ್ದು: ಗಂಗಾವತಿ ಕಡೆ ರಕ್ತಹೀನತೆ ಲೆಕ್ಕ ಹಿಡಿದ ನನ್ನ ಅನುಭವ

ನಾವು ಮಾಡಿದ ಬದಲಾವಣೆ ತುಂಬಾ ಚಿಕ್ಕದು. ಬಸುರಿಯರಿಗೆ ಕಬ್ಬಿಣದ ಗುಳಿಗೆಯನ್ನು ತಿಂಗಳಿಗೊಮ್ಮೆ ಒಟ್ಟಿಗೆ ಕೊಡುವ ಬದಲು, ಆಶಾ ಕಾರ್ಯಕರ್ತೆ ವಾರಕ್ಕೆ ಏಳರಂತೆ ಮನೆಗೆ ತಂದು ಅತ್ತೆಯ ಕೈಗೆ ಕೊಡಬೇಕು. ರಾತ್ರಿ ಊಟದ ಮೇಲೆ ನುಂಗಬೇಕು, ಚಹಾ ಜೊತೆ ಬೇಡ. ಇಷ್ಟೇ. ಜಗಳ ಇದ್ದದ್ದು ಇದರಿಂದ ಉಪಯೋಗ ಆಯಿತು ಅಂತ ತೋರಿಸುವುದು ಹೇಗೆ ಅನ್ನುವುದರಲ್ಲಿ.

"ಮೊದಲು ಒಂದು ಸಲ, ಆಮೇಲೆ ಒಂದು ಸಲ ಹಿಮೋಗ್ಲೋಬಿನ್ ನೋಡಿದರೆ ಸಾಕಲ್ವಾ, ಯಾಕಿಷ್ಟು ರಗಳೆ ಸರ್?" ಅಂದರು ಒಬ್ಬ ಹಿರಿಯ ಡಾಕ್ಟರ್. ಸಾಲದು. 9 ಗ್ರಾಂಗಿಂತ ಕಡಿಮೆ ಇದ್ದವರನ್ನೇ ಆರಿಸಿ ಮತ್ತೆ ಅಳೆದರೆ, ಏನೂ ಕೊಡದಿದ್ದರೂ ಸರಾಸರಿ ಸ್ವಲ್ಪ ಮೇಲೇರುತ್ತದೆ, ಯಾಕಂದರೆ ಆ ಒಂದು ದಿನ ಅಕಸ್ಮಾತ್ ಕಡಿಮೆ ಬಂದವರೂ ಅದರಲ್ಲಿ ಸೇರಿರುತ್ತಾರೆ. ಇನ್ನೊಂದು ಕಡೆ ಬಸುರಿನ ನಡುವಿನ ತಿಂಗಳುಗಳಲ್ಲಿ ರಕ್ತ ತೆಳುವಾಗಿ ಅಂಕಿ ಇಳಿಯುತ್ತದೆ. ಎರಡೂ ಎಳೆದಾಟದ ನಡುವೆ ಗುಳಿಗೆಯ ಪಾಲು ಎಷ್ಟು ಅಂತ ಹೇಗೆ ಹೇಳುವುದು?

ಹೋಲಿಕೆಗೆ ಗುಂಪು ಬೇಕು. ಆದರೆ "ನಮಗೆ ಕೊಡಬೇಡಿ" ಅಂತ ಯಾವ ಆರೋಗ್ಯ ಉಪಕೇಂದ್ರವೂ ಒಪ್ಪುವುದಿಲ್ಲ. ಅದಕ್ಕೇ ಸ್ಟೆಪ್ಡ್ ವೆಡ್ಜ್ ಅನ್ನುವ, ಮೆಟ್ಟಿಲು ಮೆಟ್ಟಿಲಾಗಿ ಕೊಡುವ ವಿಧಾನ ಹಿಡಿದೆ. ಎಲ್ಲರಿಗೂ ಸಿಗುತ್ತದೆ, ಸರದಿ ಮಾತ್ರ ಚೀಟಿ ಎತ್ತಿ. ಸರದಿ ಇನ್ನೂ ಬರದವರೇ ಅಲ್ಲಿಯವರೆಗೆ ಹೋಲಿಕೆಯ ಗುಂಪು. 1980ರ ದಶಕದಲ್ಲಿ ಗ್ಯಾಂಬಿಯಾದಲ್ಲಿ ಹೆಪಟೈಟಿಸ್ ಬಿ ಲಸಿಕೆಯನ್ನು ಹೀಗೇ ಹಂತಹಂತವಾಗಿ ಕೊಟ್ಟಿದ್ದರು. ಗಂಗಾವತಿ, ಕಾರಟಗಿ ಕಡೆಯ ಇಪ್ಪತ್ತರಷ್ಟು ಉಪಕೇಂದ್ರಗಳ ಹೆಸರು ಬರೆದು ಸ್ಟೀಲ್ ಡಬ್ಬಿಗೆ ಹಾಕಿ, ಎಲ್ಲರ ಮುಂದೆ ಎತ್ತಿಸಿದೆವು. ಕೊನೆಯ ಸರದಿ ಬಂದ ಊರಿನಿಂದ ಫೋನ್ ಬಂತು. ಚೀಟಿ ಅಂದೆ, ಸುಮ್ಮನಾದರು.

ಎಷ್ಟು ಜನ ಬೇಕು ಅನ್ನುವಲ್ಲಿ ದುಡ್ಡು ಕೊಡುವವರ ಜೊತೆ ತುಂಬಾ ಎಳೆದಾಡಿದೆ. 400 ಸಾಕು ಅಂದರು. ಒಂದೇ ಉಪಕೇಂದ್ರದ ಹೆಂಗಸರು ಒಬ್ಬರಿಗೊಬ್ಬರು ಹೋಲುತ್ತಾರೆ. ಕೇಂದ್ರಕ್ಕೆ 20 ಜನ, ಆ ಹೋಲಿಕೆಯ ಅಳತೆ (ಐಸಿಸಿ) 0.05 ಅಂತ ಹಿಡಿದರೆ ಡಿಸೈನ್ ಎಫೆಕ್ಟ್, ಅಂದರೆ ಜನರ ಲೆಕ್ಕವನ್ನು ಭಾಗಿಸಬೇಕಾದ ಅಂಕಿ, 1.95. ಅಂದರೆ 400 ಜನ ಲೆಕ್ಕದಲ್ಲಿ 205 ಅಷ್ಟೇ. ಕೇಂದ್ರ ಹೆಚ್ಚಿಸಿದರೆ ಪೆಟ್ರೋಲ್ ಹೆಚ್ಚು. ಒಟ್ಟು ಮೂರೂವರೆ ಲಕ್ಷದ ಹತ್ತಿರ ಹೋಯಿತು, ಅರ್ಧಕ್ಕರ್ಧ ರಕ್ತ ಪರೀಕ್ಷೆಯ ಸ್ಟ್ರಿಪ್ ಮತ್ತು ಪೆಟ್ರೋಲಿಗೆ. ಮಾಹಿತಿ ತುಂಬುವ ಕೋಬೋ, ಲೆಕ್ಕ ಹಾಕುವ ಆರ್, ಎರಡೂ ಸಾಫ್ಟ್‌ವೇರ್ ನಮಗೆ ಪುಕ್ಕಟೆ ಸಿಕ್ಕವು.

ಹಳೆಯ ರಿಜಿಸ್ಟರ್ ನೆಚ್ಚಿಕೊಳ್ಳಬೇಡಿ. ಹಿಮೋಗ್ಲೋಬಿನ್ ಅಳೆಯುವ ಹಳೆ ಸಾಹ್ಲಿ ಟ್ಯೂಬಿನಲ್ಲಿ ಬಣ್ಣ ನೋಡಿ ಬರೆದ ಅಂಕಿಗಳಲ್ಲಿ 9, 10, 11 ಬಿಟ್ಟರೆ ಬೇರೆ ಏನೂ ಇಲ್ಲ. ಗ್ರಾಫ್ ಹಾಕಿದರೆ ಹಲ್ಲು ಉದುರಿದ ಬಾಚಣಿಗೆ. ಅಷ್ಟೂ ಬಿಟ್ಟು ಡಿಜಿಟಲ್ ಮೀಟರ್ ತಂದೆವು. ಏಪ್ರಿಲ್ ಬಿಸಿಲಿಗೆ ಬೈಕಿನ ಪೆಟ್ಟಿಗೆಯಲ್ಲಿ ಒಂದು ಡಬ್ಬಿ ಸ್ಟ್ರಿಪ್ ಹಾಳಾಯಿತು, ಐದಾರು ಸಾವಿರ ಹೋಯಿತು. ಒದ್ದೆ ಮರಳಿನ ಮಡಕೆಯಲ್ಲಿ ಇಟ್ಟು ನೋಡಿದೆ. ತಣ್ಣಗೇನೋ ಇತ್ತು, ಆದರೆ ತೇವ ಹಿಡಿಯಿತು. ಕೊನೆಗೆ ಐಸ್ ಇಲ್ಲದ ಹಳೆ ವ್ಯಾಕ್ಸಿನ್ ಕ್ಯಾರಿಯರ್ ಗತಿಯಾಯಿತು.

ನಿಜವಾದ ಹೊಡೆತ ಕೊಟ್ಟದ್ದು ತವರು ಮತ್ತು ಗುಳೆ. ಕುಬಸ ಆದ ಮೇಲೆ ಹುಡುಗಿ ತವರಿಗೆ, ಇಲ್ಲವೇ ಗಂಡನ ಜೊತೆ ಬೆಂಗಳೂರಿಗೆ. ಮೊದಲ ಸುತ್ತಿನಲ್ಲಿ ಮೂರನೇ ಒಂದು ಪಾಲು ಕೈ ತಪ್ಪಿತು. ಆಮೇಲೆ ತಾಯಿ ಕಾರ್ಡ್ ಮಾಡುವ ದಿನವೇ ತವರೂರಿನ ಹೆಸರು, ಅಣ್ಣ ಅಥವಾ ತಮ್ಮನ ನಂಬರ್ ಬರೆಸಿಕೊಂಡೆವು. ಗಂಡನ ನಂಬರ್ ಬೇಡ, ಗುಳೆ ಹೋದಾಗ ಸಿಮ್ ಬದಲಾಗುತ್ತದೆ. ಎಲ್ಲಿ ಹೋದರೂ ಅವರನ್ನು ಮೊದಲು ಸೇರಿದ ಉಪಕೇಂದ್ರದ ಲೆಕ್ಕಕ್ಕೇ ಹಾಕಿದೆವು.

ಗುಳಿಗೆ ನುಂಗಿದರೋ ಇಲ್ಲವೋ ಅಂತ ಖಾಲಿ ಪಟ್ಟಿ ಎಣಿಸಿ ತಿಳಿಯುವುದಿಲ್ಲ, ಗುಳಿಗೆ ತಿಪ್ಪೆಗೆ ಹೋಗಿ ಪಟ್ಟಿ ಉಳಿದಿರುತ್ತದೆ. ನಾವು ಕೇಳುವ ಒಂದು ಪ್ರಶ್ನೆ ಇದೆ. ಇಲ್ಲಿ ಬರೆಯುವುದಿಲ್ಲ, ಬರೆದರೆ ಉತ್ತರ ಕಲಿಸಿ ಕಳಿಸುತ್ತಾರೆ.

ಲೆಕ್ಕ ಹಾಕುವಾಗ ರಕ್ತ ಅಳೆದ ತಿಂಗಳು ಯಾವುದು ಅನ್ನುವುದನ್ನು ಮಾಡೆಲ್ಲಿನಲ್ಲಿ ಸೇರಿಸಲೇಬೇಕು. ಈ ಡಿಸೈನಿನಲ್ಲಿ ದಿನ ಹೋದಷ್ಟೂ ವಾರದ ಗುಳಿಗೆ ಮನೆಗೆ ಸಿಕ್ಕವರೇ ಜಾಸ್ತಿ. ನಮ್ಮಲ್ಲಿ ಅದೇ ಹೊತ್ತಿಗೆ ಮಾತೃಪೂರ್ಣ ಊಟಕ್ಕೆ ಅಂಗನವಾಡಿಗೆ ಬರುವವರೂ ಹೆಚ್ಚಿದ್ದರು. ತಿಂಗಳು ಬಿಟ್ಟರೆ ಫಲ ಹೆಚ್ಚುಕಡಿಮೆ ದುಪ್ಪಟ್ಟು ಕಾಣುತ್ತಿತ್ತು. ಸೇರಿಸಿದ ಮೇಲೆ ಉಳಿದದ್ದು ಅರ್ಧ ಗ್ರಾಂಗೆ ಸ್ವಲ್ಪ ಕಡಿಮೆ, ಆದರೆ ಗಟ್ಟಿ, ಕಾನ್ಫಿಡೆನ್ಸ್ ಇಂಟರ್ವಲ್ (ನಿಜವಾದ ಫಲ ಇರಬಹುದಾದ ಅಂಕಿಗಳ ವ್ಯಾಪ್ತಿ) ಸೊನ್ನೆ ಮುಟ್ಟಲಿಲ್ಲ. ರಗಳೆ ಅಂದಿದ್ದ ಡಾಕ್ಟರ್ ಈಗ ಅದೇ ಗ್ರಾಫನ್ನು ತಮ್ಮ ಮೀಟಿಂಗಿಗೆ ಒಯ್ಯುತ್ತಾರೆ, ಹೆಸರು ಮಾತ್ರ ನಮ್ಮದು ಹಾಕುವುದಿಲ್ಲ, ಇರಲಿ.

ಮುಂದಿನ ಸುತ್ತು ಕುಷ್ಟಗಿ ಕಡೆ. ಅಲ್ಲಿ ಗುಳೆ ಇನ್ನೂ ಜಾಸ್ತಿ. ಹಾಗಾಗಿ ಕೇಂದ್ರಗಳನ್ನು ಹೆಚ್ಚಿಸುತ್ತಿದ್ದೇವೆ, ಸ್ಟ್ರಿಪ್ ಖರೀದಿ ಮಾತ್ರ ದಸರಾ ಆದ ಮೇಲೆ.