ಎರಡನೆಯ ಲಾರಿ ಬೇಡವೆಂದೆ

ದಕ್ಷಿಣ ಕೊಡಗಿನ ನಮ್ಮ ತೋಟಗಳಿಗೆ ಕೋಳಿ ಗೊಬ್ಬರ ಬರುವುದು ಬೇಸಿಗೆಯಲ್ಲಿ. ಕಾಫಿ ಕೊಯ್ಲು ಮುಗಿದು ರೋಬಸ್ಟಾಕ್ಕೆ ಸ್ಪ್ರಿಂಕ್ಲರ್ ನೀರು ಕೊಡುವ ಫೆಬ್ರವರಿ, ಮಾರ್ಚ್ ಹೊತ್ತಿಗೆ ತೋಟದ ದಾರಿ ಗಟ್ಟಿಯಾಗಿರುತ್ತದೆ, ಲಾರಿ ಹೂತುಕೊಳ್ಳುವುದಿಲ್ಲ. ಮೈಸೂರು, ಹುಣಸೂರು ಕಡೆಯ ಫಾರಂಗಳ ಮಾಲು ಆನೆಚೌಕೂರು, ತಿತಿಮತಿ ದಾಟಿ ಗೋಣಿಕೊಪ್ಪಕ್ಕೆ ಬರುತ್ತದೆ. ಕಣದ ಪಕ್ಕ ರಾಶಿ ಹಾಕಿಸಿ, ಮುಂಗಾರಿಗೆ ಮೊದಲು ಗಿಡದ ಬುಡಕ್ಕೆ ಕೊಡುವುದು ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷದ ರೂಢಿ.

2020ರ ಮಾರ್ಚ್‌ನಲ್ಲಿ ಒಂದು ಲಾರಿ ಬಂದು ಬಿದ್ದಿತ್ತು. ಎರಡನೆಯದಕ್ಕೆ ಐದು ಸಾವಿರ ಮುಂಗಡ ಕೊಟ್ಟಾಗಿತ್ತು. ತಿಂಗಳ ಮೊದಲ ವಾರದಲ್ಲಿ ಕೋಯಿಕ್ಕೋಡಿನಲ್ಲಿ ಹಕ್ಕಿಜ್ವರ ಎಂಬ ಸುದ್ದಿ ಬಂತು. ಮಾಕುಟ್ಟ, ಕುಟ್ಟ, ಕರಿಕೆ ದಾರಿಗಳಲ್ಲಿ ಕೇರಳದ ಕೋಳಿ ಬಾರದಂತೆ ನೋಡಿಕೊಂಡರೆ ಸಾಕೆಂದು ನಾವೆಲ್ಲ ದಕ್ಷಿಣಕ್ಕೆ ಮುಖ ಮಾಡಿ ಕುಳಿತಿದ್ದೆವು. ತಿಂಗಳ ನಡುವಿನಲ್ಲಿ ಅದು ಬೆನ್ನ ಹಿಂದೆ ಕಾಣಿಸಿತು: ಮೈಸೂರಿನ ಕುಂಬಾರಕೊಪ್ಪಲಿನಲ್ಲಿ. ನನ್ನ ಗೊಬ್ಬರ ಬರುವ ದಿಕ್ಕೇ ಅದು.

ಅದೇ ವಾರ ಗೊಬ್ಬರದ ವ್ಯಾಪಾರಿ ಫೋನ್ ಮಾಡಿದರು. ಚೀಲಕ್ಕೆ ಮೂವತ್ತು ರೂಪಾಯಿ ಕಡಿಮೆ ಮಾಡುತ್ತೇನೆ, ಬೇಕಿದ್ದರೆ ಮೂರನೆಯ ಲಾರಿಯನ್ನೂ ಕಳಿಸುತ್ತೇನೆ ಎಂದರು. ಬೆಲೆ ಯಾಕೆ ಇಳಿಯಿತೆಂದು ಊಹಿಸುವುದು ಕಷ್ಟವಿರಲಿಲ್ಲ. ಕೋಳಿ ತಿಂದರೆ ಕೊರೊನಾ ಬರುತ್ತದೆಂಬ ಗಾಳಿಸುದ್ದಿಗೆ ಕೋಳಿಯ ದರ ಮೊದಲೇ ನೆಲಕಚ್ಚಿತ್ತು, ಈಗ ಹಕ್ಕಿಜ್ವರವೂ ಸೇರಿ ಸಾಕಣೆದಾರರು ಶೆಡ್ ಖಾಲಿ ಮಾಡುತ್ತಿದ್ದರು. ಶೆಡ್ ಖಾಲಿಯಾದರೆ ಕೆಳಗಿನ ಹೊಟ್ಟು, ಹಿಕ್ಕೆಯೂ ಹೊರಗೆ ಹೋಗಬೇಕಲ್ಲ. ಹಕ್ಕಿಜ್ವರದ ಕಾಲದಲ್ಲಿ ಗೊಬ್ಬರ ಅಗ್ಗವಾಗುವುದು ಹೀಗೆ. ಆಸೆ ಹುಟ್ಟುವುದೂ ಆಗಲೇ.

“ಇದು ಯಾವ ಫಾರಂನ ಮಾಲು?” ಎಂದು ಕೇಳಿದೆ.

“ಒಂದೇ ಫಾರಂ ಅಂತ ಇಲ್ಲ ಸಾರ್, ನಾಲ್ಕೈದು ಕಡೆ ತುಂಬಿಸಿದರೆ ಒಂದು ಲೋಡ್ ಆಗುತ್ತದೆ.”

ಅಷ್ಟೇ ಸಾಕಾಯಿತು. ರೋಗ ಖಚಿತವಾದ ಜಾಗದ ಸುತ್ತ ಒಂದು ಕಿಲೋಮೀಟರ್‌ವರೆಗೆ ಸೋಂಕಿತ ವಲಯ, ಅಲ್ಲಿಂದ ಹತ್ತು ಕಿಲೋಮೀಟರ್‌ವರೆಗೆ ಕಣ್ಗಾವಲು ವಲಯ. ಸೋಂಕಿತ ಫಾರಂನ ಹಿಕ್ಕೆ, ಹೊಟ್ಟು, ಉಳಿದ ಆಹಾರ ಎಲ್ಲವನ್ನೂ ಕೊಂದ ಕೋಳಿಗಳ ಜೊತೆಗೇ ನಾಶ ಮಾಡಬೇಕು. ನಿರ್ಬಂಧವಿರುವ ವಲಯದಿಂದ ಕೋಳಿ, ಮೊಟ್ಟೆಯಂತೆ ಗೊಬ್ಬರವೂ ಹೊರಗೆ ಹೋಗುವಂತಿಲ್ಲ. ನಿಯಮ ಸ್ಪಷ್ಟವಾಗಿಯೇ ಇದೆ. ಆದರೆ ನಾಲ್ಕೈದು ಕಡೆ ತುಂಬಿಸಿದ ಲಾರಿಯಲ್ಲಿ ಯಾವ ಚೀಲ ಹತ್ತು ಕಿಲೋಮೀಟರಿನ ಒಳಗಿನದು, ಯಾವುದು ಹೊರಗಿನದು ಎಂದು ಯಾರು ಹೇಳಬೇಕು? ಚೀಲದ ಮಾತು ಬಿಡಿ, ಆ ಲಾರಿಯ ಚಕ್ರವೇ ನಾಲ್ಕು ಫಾರಂಗಳ ಅಂಗಳ ತುಳಿದು ಬಂದಿರುತ್ತದೆ. ಜೀವಂತ ಕೋಳಿಯ ಲಾರಿಯನ್ನು ದಾರಿಯಲ್ಲಿ ಯಾರಾದರೂ ತಿರುಗಿ ನೋಡುತ್ತಾರೆ. ಟಾರ್ಪಾಲು ಹೊದ್ದ ಗೊಬ್ಬರದ ಲಾರಿ ಕಂಡರೆ ಮೂಗು ಮುಚ್ಚಿಕೊಂಡು ಬೇಗ ಹೋಗಲೆಂದು ದಾರಿ ಬಿಡುತ್ತಾರೆ. ಬೇಡವೆಂದೆ. ಮುಂಗಡವನ್ನು ಮರೆತೆ. ವ್ಯಾಪಾರಿ ಸಿಟ್ಟಾಗಿ ಫೋನ್ ಇಟ್ಟರು.

ಇನ್ನು ಉಳಿದದ್ದು ಕಣದ ಪಕ್ಕದ ಮೊದಲ ರಾಶಿ. ಅದು ಬಂದು ಹದಿಮೂರು ದಿನವಾಗಿತ್ತು. ಹೋಗಿ ನೋಡಿದರೆ ತೋಟದ ಕೆಲಸಗಾರರು ಇರುವ ಲೈನ್ ಮನೆಯ ಏಳೆಂಟು ನಾಟಿ ಕೋಳಿಗಳು ಅದರ ಮೇಲೆಯೇ ಕೆದಕುತ್ತಿದ್ದವು. ತೋಟದ ಅಂಚಿನ ಕಾಡುಕೋಳಿ ಬೆಳಗಿನ ಹೊತ್ತು ಬರುತ್ತಿದ್ದುದೂ ನನಗೆ ಗೊತ್ತಿತ್ತು. ಹಿಕ್ಕೆಯಲ್ಲಿ ಹಕ್ಕಿಜ್ವರದ ವೈರಸ್ 37 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಆರು ದಿನ ಬದುಕುತ್ತದೆ, 4 ಡಿಗ್ರಿ ತಂಪಿನಲ್ಲಿ 35 ದಿನ. ನಮ್ಮ ತೋಟದ ನೆರಳು, ರಾತ್ರಿಯ ಚಳಿ ಇವೆರಡರ ನಡುವೆ ಎಲ್ಲೋ ಬೀಳುತ್ತವೆ. ಹದಿಮೂರು ದಿನ ಕಳೆಯಿತೆಂದು ನಿಶ್ಚಿಂತೆಯಿಂದ ಇರುವಂತಿರಲಿಲ್ಲ.

ಗಾಬರಿಯಲ್ಲಿ ಮೊದಲು ಮಾಡಿದ್ದು ತಪ್ಪು ಕೆಲಸ. ಒಂದೂವರೆ ಚೀಲ ಸುಣ್ಣ ತರಿಸಿ ರಾಶಿಗೆ ಬೆರೆಸಿ ನೀರು ಹೊಡೆಸಿದೆ. ಹತ್ತು ನಿಮಿಷದಲ್ಲಿ ಅಮೋನಿಯಾ ಎದ್ದು ಕಣ್ಣು ಉರಿದು ನಾನೂ, ತೋಟದ ಲೆಕ್ಕಪತ್ರ ನೋಡುವ ರೈಟರೂ ಓಡಬೇಕಾಯಿತು. ದುಡ್ಡು ಕೊಟ್ಟು ತಂದ ಸಾರಜನಕ ಗಾಳಿಗೆ ಹೋಗುವುದನ್ನು ಮೂಗಿನಲ್ಲೇ ಲೆಕ್ಕ ಹಾಕಿದೆ. ಮೇಲೆ ಬ್ಲೀಚಿಂಗ್ ಪುಡಿ ಎರಚೋಣವೆಂದು ಪಶು ವೈದ್ಯರನ್ನು ಕೇಳಿದೆ. ಅವರು ನಕ್ಕರು. “ಗೊಬ್ಬರದ ಕೊಳೆಯೇ ಕ್ಲೋರಿನ್ನನ್ನು ತಿಂದು ಹಾಕುತ್ತದೆ. ಅದನ್ನು ಬೂಟಿಗೆ, ಸಲಿಕೆಗೆ ಇಟ್ಟುಕೊಳ್ಳಿ, ಅದೂ ಮಣ್ಣು ತೊಳೆದ ಮೇಲೆ. ಸುಣ್ಣ ರಾಶಿಯ ಸುತ್ತಲೂ ಚೆಲ್ಲಿ. ಒಳಗೆ ಬಿಸಿ ಕೆಲಸ ಮಾಡಲಿ.”

ಬಿಸಿಯ ಲೆಕ್ಕ ಅವರೇ ಕೊಟ್ಟರು: 56 ಡಿಗ್ರಿಯಲ್ಲಿ ಮೂರು ಗಂಟೆ, 60 ಡಿಗ್ರಿಯಲ್ಲಿ ಅರ್ಧ ಗಂಟೆ, ವೈರಸ್ ಸಾಯುತ್ತದೆ. ಕೇಳುವುದಕ್ಕೆ ಸುಲಭ. ಆದರೆ ಬ್ರಾಯ್ಲರ್ ಫಾರಂನ ಗೊಬ್ಬರ ಭತ್ತದ ಹೊಟ್ಟಿನ ಜೊತೆ ಪುಡಿಪುಡಿಯಾಗಿ ಒಣಗಿರುತ್ತದೆ. ಒಣಗಿದ ರಾಶಿ ವರ್ಷ ಬಿದ್ದಿದ್ದರೂ ಬಿಸಿಯೇರದು. ಅದನ್ನು ಹಾಗೇ ಕೆದಕಿದರೆ ಏಳುವ ದೂಳು ಮೂಗಿಗೆ ಹೋಗುತ್ತದೆ, ನಿಜವಾದ ಅಪಾಯವಿರುವುದು ಆ ದೂಳಿನಲ್ಲಿ. ಹಾಗಾಗಿ ಸಲಿಕೆ ಮುಟ್ಟುವ ಮೊದಲು ಗಾಳಿ ಬರುವ ಕಡೆ ನಿಂತು ಸಣ್ಣಗೆ ನೀರು ಸಿಂಪಡಿಸಿದೆವು. ಹಿಡಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿನಿಂದ ನೀರು ತೊಟ್ಟಿಕ್ಕಬಾರದು. ಹದ ಅಷ್ಟೇ.

ಜಾಗವನ್ನೂ ಬದಲಿಸಿದೆ. ಕಣದ ಪಕ್ಕ ಸ್ಪ್ರಿಂಕ್ಲರ್ ನೀರು ಬಂದು ಬಡಿಯುತ್ತಿತ್ತು, ಕೆಳಗೆ ತೋಡು, ಅಂದರೆ ಸಣ್ಣ ಹಳ್ಳ. ಆ ತೋಡು ಲಕ್ಷ್ಮಣತೀರ್ಥ ನದಿಗೆ ಸೇರುತ್ತದೆ. ರಾಶಿಯನ್ನು ಏರಿನ ಮೇಲಿನ ಸಮತಟ್ಟಿಗೆ ಸಾಗಿಸಿ, ಕಾಫಿ ಹೂವರಳಿಸುವ ಹೂಮಳೆ ಬಂದರೆ ನೀರು ನುಗ್ಗದಂತೆ ಮೇಲ್ಗಡೆ ಕಾಲುವೆ ತೆಗೆಸಿದೆ. ತಳಕ್ಕೆ ಒಂದಡಿ ಕಾಫಿ ಸಿಪ್ಪೆ, ತರಗೆಲೆ. ಅದರ ಮೇಲೆ ನಾಲ್ಕಡಿ ಎತ್ತರಕ್ಕೆ ಗೊಬ್ಬರ ಮತ್ತು ಸಿಪ್ಪೆಯ ಬೆರಕೆ. ಎಲ್ಲಕ್ಕೂ ಮೇಲೆ ಒಂದು ಗೇಣು ಹಳೆಯ ಕಾಂಪೋಸ್ಟ್, ಆಮೇಲೆ ಟಾರ್ಪಾಲು. ಹಳೆಯ ಕಾಂಪೋಸ್ಟಿನ ಹೊದಿಕೆ ವೈದ್ಯರ ಸಲಹೆ. ರಾಶಿಯ ಚರ್ಮ ಯಾವಾಗಲೂ ತಣ್ಣಗೇ ಇರುತ್ತದೆ, ಆ ಚರ್ಮ ಸಂಶಯದ ಗೊಬ್ಬರದ್ದಾಗಿರಬಾರದು ಎಂಬುದು ಅವರ ವಾದ. ಎಷ್ಟು ಸರಿಯೆಂದು ಅಣಬೆ ಬೆಳೆಯುವ ಗೆಳೆಯನಿಂದ ಎರವಲು ತಂದ ಉದ್ದ ಕಡ್ಡಿಯ ಥರ್ಮಾಮೀಟರ್ ತೋರಿಸಿತು. ಆರನೆಯ ದಿನ ನಡುವೆ 63 ಡಿಗ್ರಿ, ಹೊದಿಕೆಯಲ್ಲಿ 41. ನಡುವಿನ ಅಂಕಿ ನೋಡಿ ಹಿಗ್ಗಿದ್ದವನು ಎರಡನೆಯದನ್ನು ನೋಡಿ ಸುಮ್ಮನಾದೆ.

ಹದಿನಾಲ್ಕು ದಿನ ಮುಟ್ಟಲಿಲ್ಲ. ಆಮೇಲೆ ಮಗುಚಿ, ಹೊರಗಿನದನ್ನು ಒಳಗೆ ಹಾಕಿ, ಮತ್ತೆ ಹದ ನೋಡಿ ಮುಚ್ಚಿದೆವು. ಎರಡನೆಯ ಸಲ 58ಕ್ಕೆ ಏರಿತು.

ಆ ಕೆಲಸಕ್ಕೆ ನಾನು ಮತ್ತು ರೈಟರ್, ಇಬ್ಬರೇ. ಮಾಸ್ಕ್ ಕೇಳಿದರೆ ಗೋಣಿಕೊಪ್ಪದ ಮೆಡಿಕಲ್ ಅಂಗಡಿಯವರು ಕೈಯಾಡಿಸುತ್ತಿದ್ದ ದಿನಗಳು ಅವು, ಕೊರೊನಾಕ್ಕೆಂದು ಎಲ್ಲ ಖಾಲಿಯಾಗಿತ್ತು. ಹೆಂಡತಿ ಹಳೆಯ ಪಂಚೆಯನ್ನು ಮೂರು ಪದರ ಮಾಡಿ ಹೊಲಿದುಕೊಟ್ಟಳು. ಅದು ದೂಳನ್ನು ತಡೆದೀತೇ ಹೊರತು ವೈರಸ್ಸನ್ನಲ್ಲ ಎಂದು ಗೊತ್ತಿದ್ದುದರಿಂದಲೇ ದೂಳೇ ಏಳದಂತೆ ಅಷ್ಟು ನೀರು ಹಾಕಿದ್ದು. ರಾಶಿಯ ಸಲಿಕೆ, ಹಾರೆಗಳ ಹಿಡಿಗೆ ಕೆಂಪು ಬಣ್ಣ ಬಳಿದೆವು, ದನದ ಕೊಟ್ಟಿಗೆಗೆ ಅವು ಹೋಗಕೂಡದೆಂದು. ಬೂಟು ಅಲ್ಲೇ ಬಿಟ್ಟು, ಸಾಬೂನು ಹಾಕಿ ಮಿಂದು ಮನೆಯೊಳಗೆ. ಈ ವೈರಸ್ಸಿಗೆ ಮೇಲೊಂದು ಕೊಬ್ಬಿನ ಹೊದಿಕೆ ಇದೆ, ಸಾಬೂನು ಅದನ್ನು ಒಡೆಯುತ್ತದೆ.

ಲೈನ್ ಮನೆಯ ಕೋಳಿಗಳದು ಬೇರೆಯೇ ಪಂಚಾಯಿತಿ. ಮೂರು ವಾರ ಕೂಡಿಹಾಕಿ ಎಂದಾಗ, ಅವನ್ನು ಸಾಕಿದ್ದ ಹಿರಿಯ ಹೆಂಗಸು, “ಕೂಡಿಹಾಕಿದರೆ ಮೇವು ಯಾರು ಕೊಡುತ್ತಾರೆ ಸಾಹುಕಾರರೇ? ಗೊಬ್ಬರ ತಂದವರು ನೀವು, ಜೈಲು ನನ್ನ ಕೋಳಿಗೆ” ಎಂದರು. ನ್ಯಾಯವಾದ ಮಾತು. ಅಕ್ಕಿ ನುಚ್ಚು ಕೊಡಿಸಿದೆ. ಒಂದಾದರೂ ತೂಗಡಿಸಿದರೆ, ಸತ್ತರೆ, ಕೈಯಲ್ಲಿ ಮುಟ್ಟದೆ ನನ್ನನ್ನು ಕರೆಯಬೇಕು, ಸಾರು ಮಾಡಕೂಡದು ಎಂದು ಒಪ್ಪಿಸಿದೆ. ಯಾವುದೂ ಸಾಯಲಿಲ್ಲ.

ಭಾವ ಬಂದು ಎರಡು ಚೀಲ ಕೇಳಿದ. ಅವನ ಶುಂಠಿ ಪಾತಿ ಇರುವುದು ಹಂದಿಗೂಡಿನ ಪಕ್ಕದಲ್ಲಿ. ಕೊಡುವುದಿಲ್ಲ ಎಂದೆ. ಹಂದಿಗೆ ಹಕ್ಕಿಯ ಫ್ಲೂ ಕೂಡ ತಗಲಬಹುದು, ಮನುಷ್ಯರ ಫ್ಲೂ ಕೂಡ. ಎರಡೂ ಒಂದೇ ಮೈಯಲ್ಲಿ ಸೇರಿ ಹೊಸ ತಳಿ ಹುಟ್ಟುವ ಭಯ ವಿಜ್ಞಾನಿಗಳದು. ಕೋಳಿ ಕೈಬಿಟ್ಟರೂ ಹಂದಿ ಇದೆಯಲ್ಲ ಎಂದು ಸಮಾಧಾನದಿಂದಿದ್ದ ಕೊಡಗಿನಲ್ಲಿ ಈ ಮಾತು ಯಾರಿಗೂ ರುಚಿಸಲಿಲ್ಲ. ಎರಡು ಚೀಲ ಗೊಬ್ಬರಕ್ಕೆ ಇಷ್ಟು ಬಿಗುಮಾನವೇ ಎಂದು ಭಾವ ಎರಡು ತಿಂಗಳು ಮನೆ ಕಡೆ ಬರಲಿಲ್ಲ. ಲಾಕ್‌ಡೌನ್ ಬಂದದ್ದರಿಂದ ಅದು ಮುನಿಸೋ, ನಿಯಮವೋ ಎಂದು ಗೊತ್ತಾಗದೆ ಹೋಯಿತು.

ಮೇ ಕೊನೆಗೆ ಟಾರ್ಪಾಲು ತೆಗೆದಾಗ ರಾಶಿ ಮೂರನೆಯ ಒಂದು ಪಾಲು ಕುಗ್ಗಿ, ಕಪ್ಪಾಗಿ, ಮಣ್ಣಿನ ವಾಸನೆಗೆ ತಿರುಗಿತ್ತು. ಹಸಿ ಗೊಬ್ಬರ ಹಾಕಿದ ವರ್ಷ ಎಳೆಯ ಗಿಡಗಳ ಎಲೆ ಅಂಚು ಸುಡುತ್ತಿದ್ದುದು ಆ ವರ್ಷ ಕಾಣಲಿಲ್ಲ. ನಿಜ ಹೇಳಬೇಕೆಂದರೆ ಆ ರಾಶಿಯಲ್ಲಿ ವೈರಸ್ ಇತ್ತೆಂದು ಯಾರೂ ಪರೀಕ್ಷಿಸಲಿಲ್ಲ, ಇರಲೇ ಇಲ್ಲವೇನೋ. ಸುಣ್ಣಕ್ಕೆ ಕಳೆದುಕೊಂಡ ಸಾರಜನಕಕ್ಕಾಗಿ ಆಗಸ್ಟ್‌ನಲ್ಲಿ ಯೂರಿಯಾ ಹೆಚ್ಚು ಕೊಡಬೇಕಾಯಿತು.

2021ರ ಜನವರಿಯಲ್ಲಿ ಆಲಪ್ಪುಳ, ಕೋಟ್ಟಯಂ ಕಡೆ ಮತ್ತೆ ಹಕ್ಕಿಜ್ವರ ಬಂತು. ಅದೇ ವ್ಯಾಪಾರಿ ಫೋನ್ ಮಾಡಿದರು. ನಾನು ಬಾಯಿ ತೆರೆಯುವ ಮೊದಲೇ, “ಈ ಸಲ ಒಂದೇ ಫಾರಂನದು ಸಾರ್, ಪಿರಿಯಾಪಟ್ಟಣದ ಹತ್ತಿರ. ಮಾಲೀಕರ ನಂಬರ್ ಕಳಿಸಿದ್ದೇನೆ, ನೀವೇ ಮಾತನಾಡಿ. ಚೀಲಕ್ಕೆ ಮಾತ್ರ ಹತ್ತು ರೂಪಾಯಿ ಜಾಸ್ತಿ” ಎಂದರು. ಹಳೆಯ ಐದು ಸಾವಿರವನ್ನು ಅದರಲ್ಲಿ ಮುರಿದುಕೊಳ್ಳುತ್ತೀರಾ ಎಂದೆ. ಅರ್ಧಕ್ಕೆ ಒಪ್ಪಿದರು.